ಗೋಡೆಯಿಲ್ಲದ ಅಡುಗೆಮನೆ

ಮಾಕಳಿ
3 ಆಗಸ್ಟ್ 2025

ಲೈಬಾ,

ನಾನು ಸೆಕೆಂಡ್ ಪಿಯುಸಿ ಬಯಾಲಜಿಯಲ್ಲಿ ಫೇಲಾಗಲಿಲ್ಲ. ಪೇಪರನ್ನೇ ಪೂರ್ತಿ ಬರೆಯಲಿಲ್ಲ. ಮೊದಲ ಅರ್ಧ ಗಂಟೆ ಯಾರನ್ನೂ ಹೊರಗೆ ಬಿಡುವುದಿಲ್ಲವಲ್ಲ, ಅದು ಮುಗಿಯುವವರೆಗೆ ಕೂತಿದ್ದು ಎದ್ದು ಬಂದೆ. ಮನೆಯಲ್ಲಿ ಫೇಲ್ ಅಂದೆ. ನಿನಗೂ ಫೇಲ್ ಅಂದೆ. ಹೋದ ವರ್ಷದ ಮಾರ್ಚ್‌ನಿಂದ ಇವತ್ತಿನವರೆಗೆ ಯಾರಿಗೂ ನಿಜ ಹೇಳಿಲ್ಲ. ಸುಳ್ಳು ಹೇಳಲು ಬರದವಳು ಎಂದು ಹೆಸರು ಮಾಡಿದವಳು ನಾನು. ಹೇಳಿದ್ದು ಇದೊಂದೇ ಸುಳ್ಳು, ಅದನ್ನೂ ನೆಟ್ಟಗೆ ಇಟ್ಟುಕೊಳ್ಳಲು ಆಗುತ್ತಿಲ್ಲ.

ನಡೆದದ್ದು ಇಷ್ಟು. ನಾವು ಪಾಠಗಳನ್ನು ಹಂಚಿಕೊಂಡಿದ್ದೆವು, ನೆನಪಿದೆಯಾ? ಅರ್ಧ ನೀನು ಓದಿ ನನಗೆ ಹೇಳುವುದು, ಅರ್ಧ ನಾನು ಓದಿ ನಿನಗೆ ಹೇಳುವುದು. ಡಿಎನ್‌ಎ ಪಾಠ ನಿನ್ನ ಪಾಲಿಗೆ ಬಂದಿತ್ತು. ಆ ವಾರ ನಿಮ್ಮ ಮನೆಯಲ್ಲಿ ಲುಬ್ನಾ ಅಕ್ಕನ ಮದುವೆ. ಹೇಳಿಕೊಡಲು ಪುರುಸೊತ್ತಾಗದೆ ನೀನು ನೋಟ್ಸ್ ಕಳಿಸಿದೆ. ನಾನು ಬಾಯಿಪಾಠ ಮಾಡಿದೆ. ಪ್ರಶ್ನೆಯೂ ಅದರಲ್ಲೇ ಬಂತು. ಸರಾಗವಾಗಿ ಬರೆಯುತ್ತಾ ಹೋದೆ. ಬ್ಯಾಕ್ಟೀರಿಯಾದಲ್ಲಿ ನ್ಯೂಕ್ಲಿಯಸ್ ಇಲ್ಲದ ಕಾರಣ ಎರಡೂ ಕೆಲಸ ಒಟ್ಟಿಗೇ ನಡೆಯುತ್ತವೆ ಎಂಬಲ್ಲಿ ಪೆನ್ನು ನಿಂತಿತು. ಯಾವ ಎರಡು ಕೆಲಸ? ಒಟ್ಟಿಗೇ ಅಂದರೆ ಹೇಗೆ? ನ್ಯೂಕ್ಲಿಯಸ್ ಇದ್ದರೆ ಏನು, ಇಲ್ಲದಿದ್ದರೆ ಏನು? ಬರೆದದ್ದನ್ನು ಮೇಲಿನಿಂದ ಓದಿದೆ. ಅಕ್ಷರ ನನ್ನದು, ಮಾತು ಯಾರದೋ. ಪೇಪರ್ ತಿದ್ದುವವರಿಗೆ ಅದು ಗೊತ್ತಾಗುತ್ತಿರಲಿಲ್ಲ. ನನಗೆ ಗೊತ್ತಾಯಿತು. ಎದ್ದೆ.

ನೀನು ಹೇಳಿಕೊಡದೆ ಹೋದದ್ದರಿಂದಲೇ ನಾನು ಫೇಲಾದೆ ಎಂದುಕೊಂಡು ನೀನು ಫೋನಿನಲ್ಲಿ ಅತ್ತೆ. ನಾನು "ಹೋಗ್ಲಿ ಬಿಡೇ" ಅಂದೆನೇ ಹೊರತು "ಅಲ್ಲ" ಅನ್ನಲಿಲ್ಲ. ಆಮೇಲೆ ನೀನು ಫೋನ್ ಮಾಡುವುದು ಕಡಿಮೆಯಾಯಿತು, ನಾನು ಎತ್ತುವುದು ನಿಂತಿತು.

ಈಗ ಯಶವಂತಪುರದಲ್ಲಿ ಒಂದು ದರ್ಶಿನಿಯ ಪಾರ್ಸೆಲ್ ಕೌಂಟರಿನಲ್ಲಿದ್ದೇನೆ. ಅದಕ್ಕೆ ಮೊದಲು ನಾಲ್ಕು ಕಡೆ ಸೇರಿ ನಾಲ್ಕೂ ಕಡೆ ಬಿಟ್ಟೆ. ಅಪ್ಪ ಪೀಣ್ಯದ ಅದೇ ಫ್ಯಾಕ್ಟರಿಯಲ್ಲಿದ್ದಾರೆ. ಯಾರಾದರೂ ಕೇಳಿದರೆ ಅವ್ವ "ನಮ್ಮಾಕಿ ಎಲ್ಲಾನೂ ಅರ್ಧಕ್ಕ ಬಿಡಾಕಿ" ಎಂದು ಪರಿಚಯ ಮಾಡಿಕೊಡುತ್ತಾಳೆ. ಹೋದ ವಾರ ಆರ್.ಟಿ. ನಗರದ ಬಸ್ ಸ್ಟಾಪಿನಲ್ಲಿ ನಿಮ್ಮಮ್ಮ ತರನ್ನುಮ್ ಆಂಟಿ ಸಿಕ್ಕಿದರು. ನೀನು ಮೂರನೇ ಸಲ ನೀಟ್ ಬರೆಯಲು ದಾವಣಗೆರೆಯ ಕೋಚಿಂಗ್ ಹಾಸ್ಟೆಲ್ ಸೇರಿದ್ದೀಯ, ಅಲ್ಲಿ ಫೋನ್ ಇಲ್ಲ ಎಂದರು. ವಿಳಾಸ ಇಸಿದುಕೊಂಡೆ.

ಆ ಒಂದು ಪೇಪರನ್ನು ಮತ್ತೆ ಬರೆಯಬೇಕೆಂದಿದ್ದೇನೆ. ಆದರೆ ಅರ್ಥವಾದರೆ ಮಾತ್ರ. ಆ ಪಾಠ ನಿನ್ನ ಪಾಲಿನದು, ಇನ್ನೂ ಬಾಕಿ ಇದೆ. ಹೇಳಿಕೊಡು. ಪುಸ್ತಕದ ವಾಕ್ಯ ಬೇಡ, ಅವೆಲ್ಲ ನನಗೆ ಬಾಯಿಗೆ ಬರುತ್ತವೆ. ಹೇಳಿಕೊಡಲು ಮನಸ್ಸಿಲ್ಲದಿದ್ದರೆ ಅದನ್ನಾದರೂ ಬರೆ.

ಅಕ್ಷಯಾ


ದಾವಣಗೆರೆ
21 ಆಗಸ್ಟ್ 2025

ಅಕ್ಷಯಾ,

ಒಂದೂವರೆ ವರ್ಷ ಕಣೇ! ಅಕ್ಕನ ಮದುವೆಯ ಫೋಟೋ ನೋಡಿದಾಗಲೆಲ್ಲ ನನಗೆ ನಿನ್ನ ಮುಖ ಕಾಣುತ್ತಿತ್ತು. ಮೆಹೆಂದಿ ಹಾಕಿಸಿಕೊಂಡು ಕೂತಿದ್ದ ಸಂಜೆ ನಿನ್ನನ್ನು ಮುಳುಗಿಸಿದೆ ಎಂದುಕೊಂಡಿದ್ದೆ. ಪತ್ರ ಓದಿ ಎರಡು ದಿನ ನಿನಗೆ ಬೈದೆ. ಮೂರನೇ ದಿನ ಕ್ಲಾಸಿನಲ್ಲಿ ನಗು ಬಂತು. ತಾನು ಬರೆದ ಉತ್ತರ ತನಗೇ ಅರ್ಥವಾಗಲಿಲ್ಲ ಎಂದು ಪರೀಕ್ಷೆ ಬಿಟ್ಟು ಎದ್ದು ಹೋಗುವ ಪ್ರಾಣಿ ಇಡೀ ಕರ್ನಾಟಕದಲ್ಲಿ ನೀನೊಬ್ಬಳೇ ಇರಬೇಕು. ಆ ಲೆಕ್ಕದಲ್ಲಿ ಇಲ್ಲಿ ಯಾರೂ ಕೂತಿರಬಾರದು.

ಮೊದಲು ಇಲ್ಲಿನ ನಿಯಮ ಹೇಳಿಬಿಡುತ್ತೇನೆ. ಭಾನುವಾರ ಮನೆಯವರು ಮಾತ್ರ ಆಫೀಸಿನ ಫೋನಿಗೆ ಮಾಡಬಹುದು. ಬರುವ ಪತ್ರ, ಹೋಗುವ ಪತ್ರ ಎರಡನ್ನೂ ವಾರ್ಡನ್ ವೆಂಕಟಲಕ್ಷ್ಮಮ್ಮ ಮೇಡಂ ಓದುತ್ತಾರೆ. ಓದಿಗೆ ಸಂಬಂಧವಿಲ್ಲದ್ದು ಕಂಡರೆ ಕಪ್ಪು ಮಾರ್ಕರ್ ಎಳೆಯುತ್ತಾರೆ. ನಿನ್ನ ಪತ್ರದಲ್ಲಿ ಬಯಾಲಜಿ ಇದ್ದದ್ದರಿಂದ ಬಚಾವಾಯಿತು.

ಸರಿ, ಪಾಠ. ಪ್ರೋಟೀನ್ ಅಂದ ತಕ್ಷಣ ಬೇಳೆ, ಮೊಟ್ಟೆ ನೆನಪು ಮಾಡಿಕೊಳ್ಳಬೇಡ. ಜೀವಕೋಶದೊಳಗೆ ದುಡಿಯುವವರಲ್ಲಿ ಹೆಚ್ಚಿನವರು ಪ್ರೋಟೀನುಗಳೇ. ಆಹಾರ ಕರಗಿಸುವವರು, ಸಾಮಾನು ಸಾಗಿಸುವವರು, ರಿಪೇರಿಯವರು. ಅವರನ್ನು ಹೇಗೆ ಕಟ್ಟಬೇಕೆಂಬ ಸೂಚನೆ ಡಿಎನ್‌ಎಯಲ್ಲಿದೆ. ನೀನು ಕೇಳಿದ ಎರಡು ಕೆಲಸ ಇವು. ಮೊದಲನೆಯದು, ಡಿಎನ್‌ಎಯಲ್ಲಿ ಬೇಕಾದ ಭಾಗವನ್ನು ನಕಲು ಮಾಡಿಕೊಳ್ಳುವುದು. ಆ ನಕಲಿಗೆ ಆರ್‌ಎನ್‌ಎ ಎಂದು ಹೆಸರು. ಎರಡನೆಯದು, ಆ ನಕಲನ್ನು ಓದಿ ಪ್ರೋಟೀನ್ ಕಟ್ಟುವುದು. ಓದಿ ಕಟ್ಟುವ ಯಂತ್ರ ರೈಬೋಸೋಮ್. ನಕಲಿನ ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲದಂತೆ, ಮಣಿ ಪೋಣಿಸಿದ ಹಾಗೆ ಪೋಣಿಸುತ್ತಾ ಹೋಗುತ್ತದೆ.

ನಮ್ಮ ಜೀವಕೋಶದಲ್ಲಿ ಡಿಎನ್‌ಎ ಒಂದು ಕೋಣೆಯೊಳಗಿದೆ. ಅದೇ ನ್ಯೂಕ್ಲಿಯಸ್. ನಕಲು ಆ ಕೋಣೆಯಲ್ಲೇ ಆಗುತ್ತದೆ. ಬೇಡದ ತುಂಡುಗಳನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಿ, ತಲೆಗೊಂದು ಟೋಪಿ ಹಿಂದೊಂದು ಬಾಲ ಹಚ್ಚಿ, ಎಲ್ಲ ಸರಿಯಿದ್ದರೆ ಗೋಡೆಯ ಕಿಂಡಿಯಿಂದ ಹೊರಗೆ ಬಿಡುತ್ತಾರೆ. ರೈಬೋಸೋಮ್ ಹೊರಗೆ ಕಾಯುತ್ತಿರುತ್ತದೆ. ನಮ್ಮ ಹಾಸ್ಟೆಲ್ ಇದ್ದ ಹಾಗೆ. ■■■■■■■■■■■■

ಬ್ಯಾಕ್ಟೀರಿಯಾದಲ್ಲಿ ಆ ಕೋಣೆಯೇ ಇಲ್ಲ. ಡಿಎನ್‌ಎ ಎಲ್ಲರ ಮಧ್ಯೆ ಬಿದ್ದಿರುತ್ತದೆ. ಆಗ ಏನಾಗಬಹುದು? ನಾನು ಹೇಳುವುದಿಲ್ಲ. ನೀನೇ ಹೇಳು.

ಇನ್ನೂ ಸ್ವಲ್ಪ ಕೋಪದಲ್ಲಿರುವ,
ಲೈಬಾ


ಮಾಕಳಿ
9 ಸೆಪ್ಟೆಂಬರ್ 2025

ಲೈಬಾ,

ವಾರ್ಡನ್ ಮೇಡಂ ಅವರಿಗೆ ನಮಸ್ಕಾರ. ಇದರಲ್ಲಿ ದೋಸೆಯ ಮಾತು ಬರುತ್ತದೆ, ಆದರೆ ಅದೂ ಬಯಾಲಜಿಯೇ. ದಯವಿಟ್ಟು ಮಾರ್ಕರ್ ಮುಚ್ಚಳ ತೆಗೆಯಬೇಡಿ.

ಹೆಬ್ಬಾಳದ ಒಂದು ಫ್ಯಾಮಿಲಿ ರೆಸ್ಟೋರೆಂಟಿನಲ್ಲಿ ನಾನು ಒಂದು ತಿಂಗಳಿದ್ದೆ. ಅಲ್ಲಿ ಅಡುಗೆಮನೆ ಗೋಡೆಯ ಹಿಂದೆ. ಗಿರಾಕಿ ಹೇಳಿದ್ದನ್ನು ಕ್ಯಾಪ್ಟನ್ ಚೀಟಿಯಲ್ಲಿ ಬರೆಯುತ್ತಾನೆ. ಗಿರಾಕಿಯ ಹೆಂಡತಿ ಅರ್ಧ ಹೊಡೆದು ಹಾಕಿಸುತ್ತಾಳೆ. ಕ್ಯಾಪ್ಟನ್ ಮತ್ತೊಮ್ಮೆ ಓದಿ ಹೇಳಿ, ಕಿಂಡಿಯಿಂದ ಒಳಗೆ ತಳ್ಳುತ್ತಾನೆ. ಆಮೇಲೇ ಒಳಗೆ ಒಲೆ ಹೊತ್ತುವುದು. ನಿನ್ನ ನ್ಯೂಕ್ಲಿಯಸ್ ಅದು. ಸರಿಯಾ?

ನಮ್ಮ ದರ್ಶಿನಿಯಲ್ಲಿ ಗೋಡೆಯಿಲ್ಲ. ನಾನು ಪಾರ್ಸೆಲ್ ಕೌಂಟರಿನಲ್ಲಿ ನಿಂತರೆ ಬೆನ್ನ ಹಿಂದೆಯೇ ದೋಸೆ ಕಾವಲಿ. ಕಾವಲಿ ಮುಂದೆ ಪುಟ್ಟಣ್ಣ, ನೆಲಮಂಗಲದ ಕಡೆಯವರು, ನಮ್ಮಪ್ಪನ ವಯಸ್ಸು. ಬೆಳಿಗ್ಗೆ ರಶ್ಶಿನಲ್ಲಿ ಚೀಟಿ ಗೀಟಿ ಏನಿಲ್ಲ. ಗಿರಾಕಿ ಹೇಳುತ್ತಿದ್ದ ಹಾಗೆ ನಾನು ಅದನ್ನೇ ಕೂಗುತ್ತೇನೆ. ಅವರು "ಮೂರು ಮಸಾಲೆ" ಅಂದು, "ಆಮೇಲೆ..." ಎಂದು ಮೇಲಿನ ಬೋರ್ಡ್ ನೋಡುವಷ್ಟರಲ್ಲಿ ಹಿಂದೆ ಮೂರು ಸಲ ಚೊಯ್ ಎಂದಿರುತ್ತದೆ. ನಿನ್ನ ಪತ್ರ ಬಂದ ಮೇಲೆ ಒಂದು ದಿನ ತಿರುಗಿ ಕೇಳಿದೆ.

"ಅಣ್ಣಾ, ಅವ್ರಿನ್ನೂ ಪೂರ್ತಿ ಹೇಳೇ ಇಲ್ಲ. ಆಗ್ಲೇ ಹುಯ್ದ್‌ಬಿಟ್ರಲ್ಲ?"

"ಅವ್ರು ಪೂರ್ತಿ ಏಳೋಗಂಟ ಕಾದ್ರೆ ಕ್ಯೂ ಮೆಟ್ರೋ ಸ್ಟೇಷನ್ ಮುಟ್ತದೆ ಕಣವ್ವ."

"ಮಧ್ಯದಲ್ಲಿ ಬೇಡ ಅಂದ್ರೆ?"

"ಅನ್ಲಿ. ಒಂದು ದ್ವಾಸೆ ಓಯ್ತದೆ. ಬೆಳಗಿಂದ ನಾನೂ ತಿಂದಿಲ್ಲ." ಸೌಟು ಎತ್ತಿ ನನ್ನ ಕಡೆ ತೋರಿಸಿದರು. "ನೀನ್ ಕೂಗೋದ್ ನಿಲ್ಲಿಸ್ಬ್ಯಾಡ, ಅಷ್ಟೇಯ. ನೀನ್ ನಿಲ್ಲಿಸಿದ್ರೆ ನನ್ ಕೈ ನಿಲ್ತದೆ."

ಅಲ್ಲೇ ನನಗೆ ಹೊಳೆಯಿತು. ಪರೀಕ್ಷೆಯಲ್ಲಿ ನಿಂತುಹೋದ ವಾಕ್ಯ ಕಣ್ಣೆದುರು ಹೊಗೆಯಾಡುತ್ತಿತ್ತು. ಗಿರಾಕಿ ಡಿಎನ್‌ಎ, ನನ್ನ ಕೂಗು ನಕಲು, ಪುಟ್ಟಣ್ಣ ರೈಬೋಸೋಮ್. ಮಧ್ಯೆ ಗೋಡೆ ಇಲ್ಲ, ಅದಕ್ಕೇ ಕಾಯುವ ಅಗತ್ಯವಿಲ್ಲ. ನನ್ನ ಉತ್ತರ ಇದು: ನಕಲು ಮುಗಿಯುವ ಮುಂಚೆಯೇ, ಅದರ ತಲೆ ಹೊರಬಂದ ತಕ್ಷಣ, ಕಟ್ಟುವ ಕೆಲಸ ಶುರುವಾಗುತ್ತದೆ. ಒಂದು ನಕಲಿಗೆ ಒಬ್ಬ ಪುಟ್ಟಣ್ಣ, ಒಂದು ಪ್ರೋಟೀನ್. ಅಲ್ಲಿಗೆ ಮುಗಿಯಿತು.

ತಪ್ಪಿದ್ದರೆ ತಪ್ಪು ಅನ್ನು. ಸಮಾಧಾನ ಮಾಡಬೇಡ.

ಕೂಗಿ ಕೂಗಿ ಗಂಟಲು ಕಟ್ಟಿದ,
ಅಕ್ಷಯಾ


ದಾವಣಗೆರೆ
28 ಸೆಪ್ಟೆಂಬರ್ 2025

ಅಕ್ಷಯಾ,

ಸರಿ, ಸರಿ, ಕೊನೆಯದು ತಪ್ಪು.

ಒಂದು ನಕಲಿಗೆ ಒಬ್ಬ ಪುಟ್ಟಣ್ಣ ಅಲ್ಲ. ಸಾಲಾಗಿ ನಿಂತ ಪುಟ್ಟಣ್ಣಂದಿರು. ಮೊದಲ ರೈಬೋಸೋಮ್ ನಕಲಿನ ತಲೆ ಹಿಡಿದು ಸ್ವಲ್ಪ ಮುಂದೆ ಸರಿಯುತ್ತಿದ್ದ ಹಾಗೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ, ಅದರ ಹಿಂದೆ ಮತ್ತೊಂದು. ಎಲ್ಲರೂ ಅದೇ ನಕಲನ್ನು ಓದುತ್ತಾರೆ, ಒಬ್ಬೊಬ್ಬರೂ ಒಂದೊಂದು ಪೂರ್ತಿ ಪ್ರೋಟೀನ್ ಕಟ್ಟುತ್ತಾರೆ. ನೀನು ಒಮ್ಮೆ ಕೂಗಿದ್ದಕ್ಕೆ ಹತ್ತು ಕಾವಲಿಯಲ್ಲಿ ದೋಸೆ ಬೇಯುತ್ತದೆ. ನಕಲು ಕೆಲವೇ ನಿಮಿಷ ಬಾಳುತ್ತದೆ, ಆಮೇಲೆ ಚೂರಾಗುತ್ತದೆ. ಅಷ್ಟರೊಳಗೆ ಎಷ್ಟು ಕಟ್ಟಿದರೆ ಅಷ್ಟು.

ನಕಲು ಮಾಡುವವನ ವೇಗ, ಅವನ ಹಿಂದೆಯೇ ಬರುವ ಮೊದಲ ರೈಬೋಸೋಮಿನ ವೇಗ ಎರಡೂ ಹೆಚ್ಚು ಕಡಿಮೆ ಒಂದೇ. ನಿನ್ನ ಮತ್ತು ಪುಟ್ಟಣ್ಣನ ಹಾಗೆ. ಇನ್ನು ನಕಲು ಮಧ್ಯದಲ್ಲಿ ತುಂಡಾಗಿ ಪ್ರೋಟೀನ್ ಅರ್ಧಕ್ಕೇ ನಿಂತರೆ ಬ್ಯಾಕ್ಟೀರಿಯಾ ಅಳುತ್ತಾ ಕೂರುವುದಿಲ್ಲ. ಆ ಅರ್ಧಕ್ಕೆ ಒಂದು ಗುರುತಿನ ಬಾಲ ಕಟ್ಟಿ, ಪುಡಿ ಮಾಡಿ, ಮಣಿಗಳನ್ನು ಇನ್ನೊಂದಕ್ಕೆ ಬಳಸುತ್ತದೆ. ಪುಟ್ಟಣ್ಣ ಉಳಿದ ದೋಸೆ ತಿಂದ ಹಾಗೆ. ಒಂದು ತಪ್ಪು ಅದಕ್ಕೆ ಅಗ್ಗ. ತಡವಾದರೇ ದುಬಾರಿ, ಅಕ್ಕಪಕ್ಕದ ಬ್ಯಾಕ್ಟೀರಿಯಾ ಊಟ ಮುಗಿಸಿಬಿಟ್ಟಿರುತ್ತದೆ.

ನಿಜ ಹೇಳಲಾ? ಈ ಪಾಠವನ್ನು ಮೂರು ವರ್ಷದಿಂದ ಓದುತ್ತಿದ್ದೇನೆ. ಯಾವ ಪ್ರಶ್ನೆ ಕೊಟ್ಟರೂ ನಿದ್ದೆಗಣ್ಣಿನಲ್ಲಿ ಟಿಕ್ ಹಾಕುತ್ತೇನೆ. ಅದು ಈಗ, ನನ್ನ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾದಲ್ಲೇ ನಡೆಯುತ್ತಿರುವ ಕೆಲಸ ಎಂದು ನಿನ್ನ ದೋಸೆ ಓದುವವರೆಗೆ ಅನ್ನಿಸಿರಲಿಲ್ಲ. ಅವತ್ತು ಸಂಜೆ ಟೆಸ್ಟಿಗೆ ಓದುವುದು ಬಿಟ್ಟು ಇದನ್ನೇ ಯೋಚಿಸುತ್ತಾ ಕೂತಿದ್ದೆ.

ಇನ್ನೊಂದಿದೆ. ರೋ ಎಂಬ ಪ್ರೋಟೀನ್. ಪುಸ್ತಕದಲ್ಲಿ ಅರ್ಧ ಸಾಲಿದೆ. ನೀನು ಅದನ್ನು ಹುಡುಕಿ ಓದಿ ನನಗೆ ಹೇಳು. ಅದು ನಿನ್ನ ಪಾಲಿಗೆ.

ಮೂರು ದಿನದಿಂದ ಇಲ್ಲಿ ಊಟ ■■■■■■■■■■■■■■■■■■■■ ಅಮ್ಮನಿಗೆ ■■■■■■■■■■

ಲೈಬಾ


ದಾವಣಗೆರೆ
14 ಅಕ್ಟೋಬರ್ 2025

ಅಕ್ಷಯಾ,

ನನ್ನ ಅಮ್ಮನ ಹತ್ತಿರ ಹೋಗು ಎಂದು ನಿನಗೆ ಯಾರು ಹೇಳಿದರು?

ಮಾರ್ಕರ್ ಕೆಳಗಿದ್ದದ್ದು ಏನು ಗೊತ್ತಾ? "ಮೂರು ದಿನದಿಂದ ಇಲ್ಲಿ ಊಟ ಚೆನ್ನಾಗಿದೆ, ಹೊಸ ಅಡುಗೆಯವರು ಬಂದಿದ್ದಾರೆ. ಅಮ್ಮನಿಗೆ ಹೇಳಿದರೆ ನಂಬುವುದಿಲ್ಲ." ಅಷ್ಟೇ! ನೀನು ಅದನ್ನು ಲೈಬಾ ಮೂರು ದಿನದಿಂದ ಊಟ ಬಿಟ್ಟಿದ್ದಾಳೆ ಎಂದು ಓದಿಕೊಂಡೆ, ಓಡಿದೆ. ಅಮ್ಮ ಯಾರದೋ ಯೂನಿಫಾರಂ ಹೊಲಿಯುತ್ತಿದ್ದದ್ದನ್ನು ಮಿಷನ್ ಮೇಲೇ ಬಿಟ್ಟು, ಬಿರಿಯಾನಿ ಡಬ್ಬಿ ಕಟ್ಟಿಕೊಂಡು ಬಸ್ ಹತ್ತಿದರು. ಆಫೀಸಿನ ಮುಂದೆ ಅತ್ತರು. ಟೆಸ್ಟ್ ನಡೆಯುತ್ತಿತ್ತು, ನನ್ನನ್ನು ಮಧ್ಯದಲ್ಲಿ ಎಬ್ಬಿಸಿ ಕರೆದುಕೊಂಡು ಹೋದರು. ಈಗ ಇಡೀ ಹಾಸ್ಟೆಲಿಗೆ ನಾನು "ಬಿರಿಯಾನಿ".

ಅದನ್ನು ಸಹಿಸಿಕೊಳ್ಳುತ್ತಿದ್ದೆ. ಹೊರಡುವಾಗ ಅಮ್ಮ ನನ್ನ ಕೆನ್ನೆ ಹಿಡಿದು, "ಕಷ್ಟ ಆದ್ರೆ ಬಂದ್ಬಿಡು ಬೇಟಾ, ಡಾಕ್ಟರ್ ಆಗ್ದಿದ್ರೆ ಏನಾಯ್ತು" ಅಂದರು. ಆ ಮಾತು ಕೇಳಿಸಿಕೊಳ್ಳಬಾರದೆಂದೇ ನಾನು ಇಷ್ಟು ದೂರ ಬಂದಿದ್ದು. ಕೇಳಿಸಿಕೊಂಡರೆ ಏನಾಗುತ್ತೇನೋ ನನಗೆ ಗೊತ್ತಿತ್ತು. ಈಗ ದಿನಾ ಕೇಳಿಸುತ್ತದೆ.

ನನ್ನ ಅಮ್ಮನಿಗೆ ನನ್ನ ವಿಷಯ ಹೇಳಬೇಕಾದವಳು ನಾನು. ನಿನ್ನದು ಯಾವಾಗಲೂ ಇದೇ. ಅರ್ಧಕ್ಕೆ ಏಳುವುದು, ಅರ್ಧ ಓದಿ ಓಡುವುದು.

ಲೈಬಾ


ಮಾಕಳಿ
25 ಅಕ್ಟೋಬರ್ 2025

ಲೈಬಾ,

ತಪ್ಪು ನನ್ನದು. ಸುತ್ತು ಬಳಸು ಏನಿಲ್ಲ.

ಅವತ್ತು ನಿನ್ನ ಪತ್ರ ಓದಿದಾಗ ನಾನು ದರ್ಶಿನಿಯ ಏಪ್ರನ್ನಿನಲ್ಲೇ ಇದ್ದೆ, ಹಾಗೆಯೇ ಆರ್.ಟಿ. ನಗರಕ್ಕೆ ಹೋದೆ. ಆಂಟಿ ನಿಮ್ಮ ಮುಂದಿನ ಕೋಣೆಯಲ್ಲಿ ಹೊಲಿಯುತ್ತಿದ್ದರು. "ಆವೋ ಅಕ್ಷಯಾ, ಏನಿದು ಮೈಯೆಲ್ಲ ಚಟ್ನಿ?" ಎಂದು ನಕ್ಕರು. ನಾನು ಪತ್ರ ತೋರಿಸಿದೆ. ಕಪ್ಪು ಗೆರೆಯ ಮೇಲೆ ಬೆರಳಾಡಿಸಿದರು, ಬೆಳಕಿಗೆ ಹಿಡಿದು ನೋಡಿದರು. ಮತ್ತೆ ನಗಲಿಲ್ಲ. ನಾನು ಆಗಲಾದರೂ "ಏನಿದೆಯೋ ಗೊತ್ತಿಲ್ಲ ಆಂಟಿ" ಅನ್ನಬೇಕಿತ್ತು. "ಊಟ ಬಿಟ್ಟಿದ್ದಾಳೆ" ಅಂದೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದೆ. ಪರೀಕ್ಷೆ ಹಾಲಿನಿಂದ ಎದ್ದು ಬಂದದ್ದು ಯಾವ ಕಾರಣಕ್ಕೋ ಅದನ್ನೇ ಮಾಡಿದೆ.

ನೀನು ಕೇಳದಿದ್ದರೂ ಒಂದು ಮಾತು. ಇನ್ನು ಮುಂದೆ ಅರ್ಧ ಓದಿ ಓಡುವುದಿಲ್ಲ ಎಂದು ಬರೆಯಲು ಕೂತೆ. ಬರೆಯಲಾಗಲಿಲ್ಲ, ಏಕೆಂದರೆ ಅದು ನಿಜವಲ್ಲ. ಇನ್ನೊಮ್ಮೆ ಅಂಥ ಪತ್ರ ಬಂದರೆ ಇನ್ನೊಮ್ಮೆ ಓಡುತ್ತೇನೆ. ಆದರೆ ನಿನ್ನ ಅಮ್ಮನ ಹತ್ತಿರ ಹೋಗುವುದಿಲ್ಲ. ಅದೊಂದು ಮಾತು ಕೊಡಬಲ್ಲೆ, ಕೊಟ್ಟಿದ್ದೇನೆ.

ಬಯ್ಯಬೇಕೆನ್ನಿಸಿದರೆ ಇನ್ನೂ ಬಯ್ಯಿ. ಬರೆಯುವುದನ್ನು ಮಾತ್ರ ಬಿಡಬೇಡ.

ಅಕ್ಷಯಾ


ಮಾಕಳಿ
30 ನವೆಂಬರ್ 2025

ಲೈಬಾ,

ನಿನ್ನಿಂದ ಏನೂ ಬಂದಿಲ್ಲ. ನಡುವೆ ಎರಡು ಪತ್ರ ಹಾಕಿದೆ, ಅವಕ್ಕೂ ಇಲ್ಲ. ನನ್ನ ಪಾಲಿಗೆ ಹಾಕಿದ ಪಾಠವನ್ನು ಒಪ್ಪಿಸಲು ಬರೆಯುತ್ತಿದ್ದೇನೆ.

ರೋ. ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಡಿಗ್ರಿ ಪುಸ್ತಕದಲ್ಲಿ ಓದಿದೆ. ಒಂದೊಂದು ಪುಟಕ್ಕೆ ಒಂದೊಂದು ಸಂಜೆ ಹಿಡಿಯಿತು. ನನಗೆ ತಿಳಿದದ್ದು ಇಷ್ಟು. ನಕಲಿನ ಬೆನ್ನಿಗೇ ರೈಬೋಸೋಮುಗಳು ಓದುತ್ತಾ ಬರುತ್ತಿದ್ದರೆ ನಕಲು ಕೊನೆಯವರೆಗೆ ನಡೆಯುತ್ತದೆ. ಯಾವುದೋ ಕಾರಣಕ್ಕೆ ಅವು ಬರದೆ ನಕಲು ಬರಿದಾಗಿ ಉದ್ದಕ್ಕೆ ಜೋತು ಬಿದ್ದರೆ, ರೋ ಆ ಖಾಲಿ ಜಾಗ ಹಿಡಿದುಕೊಳ್ಳುತ್ತದೆ. ದಾರ ಎಳೆದುಕೊಂಡು ಹೋದ ಹಾಗೆ ನಕಲು ಮಾಡುವವನನ್ನು ಹಿಂಬಾಲಿಸಿ, ಹಿಡಿದು, ಕೆಲಸವನ್ನೇ ಬಿಡಿಸಿಬಿಡುತ್ತದೆ. ಹಿಂದೆ ಓದುವವರಿಲ್ಲದಿದ್ದರೆ ಬರೆಯುವುದೂ ನಿಲ್ಲುತ್ತದೆ. ನಮ್ಮ ಜೀವಕೋಶದಲ್ಲಿ ಗೋಡೆ ಇರುವುದರಿಂದ, ಬರೆಯುವವನಿಗೆ ಹೊರಗೆ ಓದುವವರಿದ್ದಾರೋ ಇಲ್ಲವೋ ಹೀಗೆ ತಿಳಿಯುವುದಿಲ್ಲ, ಅಲ್ಲವೇ?

ನಾನು ಗೋಡೆ ಇರುವ ಜಾತಿ ಎಂದು ತಿಳಿದುಕೋ. ಬರೆಯುತ್ತೇನೆ.

ಪರೀಕ್ಷೆಗೆ ಹೆಸರು ಕೊಟ್ಟು ಬಂದೆ. ಹಾಲಿನಿಂದ ಎದ್ದು ಬಂದ ವಿಷಯ ಮನೆಯಲ್ಲೂ ಹೇಳಿದೆ. ಅವ್ವ ಒಂದು ವಾರ ಮಾತಾಡಲಿಲ್ಲ. ಅಪ್ಪ ಮಾತ್ರ ಟಿವಿ ನೋಡುತ್ತಲೇ, "ಗೊತ್ತಿತ್ತವಾ. ನೀ ಫೇಲಾಗಾಕಿ ಅಲ್ಲ, ಎದ್ದು ಬರಾಕಿ" ಅಂದರು.

ಅಕ್ಷಯಾ


ದಾವಣಗೆರೆ
6 ಫೆಬ್ರವರಿ 2026

ಚಿ. ಅಕ್ಷಯಾಗೆ,

ನಾನು ವೆಂಕಟಲಕ್ಷ್ಮಮ್ಮ, ಲೈಬಾಳ ಹಾಸ್ಟೆಲ್ ವಾರ್ಡನ್. ಆಗಸ್ಟಿನಿಂದ ನಿನ್ನ ಪತ್ರಗಳನ್ನು ಅವಳಿಗಿಂತ ಮೊದಲು ಓದುತ್ತಿರುವವಳು. ನೀನು ಕಳಿಸಿದ ಎಲ್ಲವನ್ನೂ ಅವಳಿಗೆ ಕೊಟ್ಟಿದ್ದೇನೆ.

ಊಟದ ಸಾಲಿಗೆ ಮಸಿ ಎಳೆದವಳು ನಾನೇ. ಊಟದ ವಿಷಯ ಹೊರಗೆ ಹೋಗಬಾರದೆಂದು ಇಲ್ಲಿ ನಿಯಮ. ಚೆನ್ನಾಗಿದೆ ಎಂದಿದ್ದರೂ ಎಳೆದೆ, ನಿಯಮ ಎಂದ ಮೇಲೆ ನಿಯಮ ಎಂದುಕೊಂಡು. ಅದರಿಂದ ಏನೇನಾಯಿತೆಂದು ನೋಡಿದ ಮೇಲೆ ಮಾರ್ಕರ್ ಹಿಡಿಯಲು ಮನಸ್ಸು ಬರುತ್ತಿಲ್ಲ.

ಗಾಬರಿಯಾಗಬೇಡ. ಲೈಬಾ ಊಟ ಮಾಡುತ್ತಾಳೆ, ಮಲಗುತ್ತಾಳೆ, ಜ್ವರ ಗಿರ ಏನಿಲ್ಲ. ಆದರೆ ಜನವರಿಯ ಟೆಸ್ಟಿನ ನಂತರ ಕ್ಲಾಸಿನಲ್ಲಿ ಪೆನ್ನು ಮುಟ್ಟುತ್ತಿಲ್ಲ. ಪುಸ್ತಕ ತೆರೆದಿರುತ್ತದೆ, ಅವಳು ಎಲ್ಲೋ ಇರುತ್ತಾಳೆ. ಕೇಳಿದರೆ "ಏನಿಲ್ಲ ಮೇಡಂ" ಎನ್ನುತ್ತಾಳೆ. ತಾಯಿಗೆ ತಿಳಿಸಲೇ ಎಂದಾಗ, "ನಾನೇ ಹೇಳ್ತೀನಿ, ಸ್ವಲ್ಪ ದಿನ ಕೊಡಿ" ಎಂದು ಕೈ ಹಿಡಿದಳು. ದಿನ ಕೊಟ್ಟೆ. ಹೇಳಿಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳನ್ನು ನೋಡುತ್ತಿದ್ದೇನೆ, ಅಳುವ ಮಕ್ಕಳಿಗಿಂತ ಹೀಗೆ ಸುಮ್ಮನಿರುವವರ ಬಗ್ಗೆ ನನಗೆ ಚಿಂತೆ ಹೆಚ್ಚು.

ಜೊತೆಗಿಟ್ಟಿರುವ ಹಾಳೆ ಮೊನ್ನೆ ಅವಳ ಮೇಜಿನ ಮೇಲಿತ್ತು. ಕಳಿಸಲೇ ಎಂದು ಕೇಳಿದೆ. "ಮುಗಿಸಿಲ್ಲ ಮೇಡಂ, ಮುಗಿಸೋಕಾಗ್ತಿಲ್ಲ, ಬೇಕಾದ್ರೆ ಕಳ್ಸಿ" ಅಂದಳು. ಅದಕ್ಕೆ ನಾನು ಮಸಿ ಮುಟ್ಟಿಸಿಲ್ಲ. ಇರುವುದೇ ಅಷ್ಟು.

ಭೇಟಿಗೆ ಮನೆಯವರನ್ನು ಬಿಟ್ಟು ಬೇರೆಯವರನ್ನು ಬಿಡುವುದಿಲ್ಲ. ಆದರೆ ಮಧ್ಯಾಹ್ನದ ಮೇಲೆ ಗೇಟಿನ ಹತ್ತಿರ ಇರುವವಳು ನಾನೇ.

ಇಂತು,
ವೆಂಕಟಲಕ್ಷ್ಮಮ್ಮ


(ಜೊತೆಗಿದ್ದ ಹಾಳೆ)

ಅಕ್ಷಯಾ,

ನಾನು ಇಲ್ಲಿ ಇನ್ನು


ಮಾಕಳಿ
11 ಫೆಬ್ರವರಿ 2026

ಲೈಬಾ,

ನಿನ್ನ ಹಾಳೆ ಬಂತು. ಎರಡು ದಿನದಿಂದ ಜೇಬಿನಲ್ಲಿದೆ, ಅಂಚಿಗೆ ಎಣ್ಣೆ ಹತ್ತಿದೆ, ಕ್ಷಮಿಸು.

ನೀನು ಮುಂದೆ ಏನು ಬರೆಯಬೇಕೆಂದಿದ್ದೆಯೋ ನನಗೆ ಗೊತ್ತಿಲ್ಲ. ನಾನು ಇಲ್ಲಿ ಇನ್ನು ಇರಲಾರೆ ಎಂದೋ, ಇಲ್ಲಿ ಇನ್ನು ಮೂರು ತಿಂಗಳು ಇದ್ದು ಮುಗಿಸಿಯೇ ಬರುತ್ತೇನೆ, ನೀನು ಬರೆಯಬೇಡ ಎಂದೋ. ಈ ಸಲ ನಾನು ಏನನ್ನೂ ತುಂಬಿಕೊಂಡಿಲ್ಲ. ಗೊತ್ತಿಲ್ಲ ಎಂದರೆ ಗೊತ್ತಿಲ್ಲ. ನಿನ್ನ ಅಮ್ಮನಿಗೆ ಹೇಳಿಲ್ಲ. ನಿನ್ನೆ ಆರ್.ಟಿ. ನಗರದ ಬಸ್ಸು ಮುಂದೆ ಬಂದು ನಿಂತಿತು, ಹತ್ತಲಿಲ್ಲ.

ಇವತ್ತು ಕೆಲಸಕ್ಕೆ ರಜೆ ಕೇಳಲು ನಿಂತಾಗ ಪುಟ್ಟಣ್ಣ ಕಾವಲಿ ಒರೆಸುತ್ತಿದ್ದರು.

"ಎಲ್ಲಿಗವ್ವ?"

"ದಾವಣಗೆರೆಗೆ. ಫ್ರೆಂಡ್ ನೋಡೋಕೆ."

"ಕರ್‍ದವ್ಳಾ?"

"ಇಲ್ಲ. ಅರ್ಧ ಸಾಲು ಬರ್ದಿದ್ದಾಳೆ."

ಸ್ವಲ್ಪ ಹೊತ್ತು ಒರೆಸಿದರು. "ಓಗು. ಓಗ್ಬುಟ್ಟು ಅಲ್ಲಿ ಬೆಣ್ಣೆ ದ್ವಾಸೆ ತಿಂದು, ಬಂದು ನಮ್ ದ್ವಾಸೆ ಬೈಬ್ಯಾಡ, ಅಷ್ಟೇಯ."

ಮನೆಯಲ್ಲಿ ಇಷ್ಟು ಸುಲಭವಾಗಲಿಲ್ಲ. "ಪರೀಕ್ಷಾ ಮುಂದ ಬಂದು ಕುಂತೈತಿ, ಈಗ ದಾವಣಗೇರಿಗೆ ಯಾಕ ಹೊಂಟಿ?" ಎಂದು ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಆಕಿ ಏನ್ ಬರದಾಳ ಅಂತ ಪೂರ್ತಿ ಗೊತ್ತೈತೇನು ನಿನಗ?"

"ಇಲ್ಲಬೇ."

"ಮತ್ತ?"

"ಪೂರ್ತಿ ಬರಿಯೂತನಕ ಕುಂತ್ರ ಆಕಿ ಬರಿಯೂದ ನಿಂತು ಹೋಗತೈತಿ."

ಅವ್ವ ನನ್ನ ಮುಖ ನೋಡಿದಳು. ಮತ್ತೆ ರೊಟ್ಟಿ ಬಡಿಯಲು ಶುರು ಮಾಡಿದಳು. ನಿಂತು ಎಣಿಸಿಲ್ಲ, ಆದರೆ ದಿನಕ್ಕಿಂತ ಹೆಚ್ಚು ರೊಟ್ಟಿ ಮಾಡಿದ್ದಾಳೆ, ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾಳೆ. ಶೇಂಗಾ ಚಟ್ನಿಯೂ ಇದೆ.

ಪರೀಕ್ಷೆಯ ಉತ್ತರ ನನಗೆ ಈಗ ಬರುತ್ತದೆ. ಯಾರೇ ಕೇಳಿದರೂ ಹೀಗೆ ಬರೆಯುತ್ತೇನೆ: ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎಗೂ ರೈಬೋಸೋಮಿಗೂ ನಡುವೆ ಗೋಡೆಯಿಲ್ಲ. ಆದ್ದರಿಂದ ಸಂದೇಶ ಪೂರ್ತಿ ಬರೆದು ಮುಗಿಯಲಿ ಎಂದು ಯಾರೂ ಕಾಯುವುದಿಲ್ಲ. ಮೊದಲ ಕೆಲವು ಅಕ್ಷರ ಹೊರಬಂದ ಕೂಡಲೇ ಓದುವವರು ಬಂದು ಹಿಡಿದುಕೊಂಡು ಕೆಲಸ ಶುರು ಮಾಡುತ್ತಾರೆ. ಬರೆಯುವವನು ಮುಂದೆ ಬರೆಯುತ್ತಾ ಹೋಗುತ್ತಾನೆ, ಏಕೆಂದರೆ ಹಿಂದೆ ಅವರಿದ್ದಾರೆ. ಈ ಸಲ ಇದರಲ್ಲಿ ನನಗೆ ಗೊತ್ತಿಲ್ಲದ ಮಾತು ಒಂದೂ ಇಲ್ಲ. ಪುಸ್ತಕ ಚೀಲದಲ್ಲಿದೆ, ಬಸ್ಸಿನಲ್ಲಿ ಉಳಿದ ಪಾಠ ಓದುತ್ತೇನೆ. ಪರೀಕ್ಷೆ ಬರೆಯುತ್ತೇನೆ, ಕೊನೆಯ ಗಂಟೆ ಹೊಡೆಯುವವರೆಗೆ ಕೂರುತ್ತೇನೆ.

ನೀನು ಡಾಕ್ಟರಾಗಬೇಕೋ ಬೇಡವೋ ನನಗೆ ಗೊತ್ತಿಲ್ಲ. ಇರು ಎಂದು ಹೇಳಲೂ ಬರುತ್ತಿಲ್ಲ, ಬಾ ಎಂದು ಕರೆಯಲೂ ಬರುತ್ತಿಲ್ಲ. ಆ ವಾಕ್ಯ ನಿನ್ನದು. ನೀನು ಬರೆಯುವಾಗ ಪಕ್ಕದಲ್ಲಿ ಒಬ್ಬರು ಇರಲಿ ಎಂದಷ್ಟೇ. ಬರುವುದು ತಪ್ಪಾಗಿದ್ದರೆ ರೊಟ್ಟಿ ಕೊಟ್ಟು ವಾಪಸ್ ಬಸ್ ಹತ್ತುತ್ತೇನೆ. ಒಂದು ದೋಸೆ ಹೋಯಿತು ಎಂದುಕೊಳ್ಳೋಣ.

ಇದನ್ನು ಪೋಸ್ಟ್ ಮಾಡುವುದಿಲ್ಲ. ಕೈಯಲ್ಲೇ ತರುತ್ತೇನೆ. ಒಳಗೆ ಬಿಡದಿದ್ದರೆ ಮೇಡಂ ಕೈಗೆ ಕೊಟ್ಟು ಗೇಟಿನ ಹೊರಗೆ ಕೂತಿರುತ್ತೇನೆ. ಮೇಡಂ, ಈ ಸಾಲಿಗೆ ಮಸಿ ಎಳೆದರೂ ಕೂತಿರುತ್ತೇನೆ.

ನಾಳೆ ಬೆಳಿಗ್ಗೆ ಮಾಕಳಿಯಿಂದ ಮೊದಲ ಬಸ್ಸಿಗೆ ಹೊರಡುತ್ತೇನೆ.

ಅಕ್ಷಯಾ